ಲಾರಿಗೆ ಗ್ಲೂಕೋಸ್

ಪೂರ್ತಿ ಕೆಟ್ಟ ಲಾರಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅದು ಪ್ರಾಮಾಣಿಕ. ನಾನು ಕೀ ತಿರುಗಿಸಿದಾಗಲೂ ಸುಮ್ಮನಿರುತ್ತದೆ, ಮೇಸ್ತ್ರಿ ಬಂದಾಗಲೂ ಸುಮ್ಮನಿರುತ್ತದೆ. ಆಗೊಮ್ಮೆ ಈಗೊಮ್ಮೆ ಕೆಡುವ ಲಾರಿಯ ಜಾತಿಯೇ ಬೇರೆ. ನಮ್ಮದು ಆ ಪೈಕಿ. ಕುಮಟೆ ಕಡೆಯಿಂದ ಕೆಂಪುಕಲ್ಲು ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ, ಅದೂ ತಿರುವು ನೋಡಿಕೊಂಡು, ಮೊದಲು ಪಿಕಪ್ ಹೋಗುತ್ತದೆ. ಮೂರನೇ ಗೇರು, ಎರಡು, ಒಂದು. ಆಮೇಲೆ ಎರಡು ಸಲ ಕೆಮ್ಮಿ ನಿಂತೇಬಿಡುತ್ತದೆ. ಡ್ರೈವರ್ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮತ್ತೆ ಸ್ಟಾರ್ಟು! ಶಿರಸಿಯ ಗ್ಯಾರೇಜಿನೆದುರು ತಂದು ನಿಲ್ಲಿಸಿದರೆ ಎಷ್ಟು ಚಂದ ಓಡುತ್ತದೆಂದರೆ, ಮೇಸ್ತ್ರಿ ಲಾರಿಯನ್ನು ಬಿಟ್ಟು ನನ್ನ ಮುಖವನ್ನೇ ಪರೀಕ್ಷೆ ಮಾಡುತ್ತಾರೆ.

"ಮಾಸ್ತರೇ, ಗಾಡಿ ಸರಿ ಇದೆ. ನೀವೇ ಸ್ವಲ್ಪ ವಿಶ್ರಾಂತಿ ತಗೊಳ್ಳಿ."

ನಿವೃತ್ತ ವಿಜ್ಞಾನ ಮಾಸ್ತರನ ಎದುರು ಆಡಬಾರದ ಮಾತು ಇದು. ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ ತತ್ವ ಬರೆದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೂ ನಮ್ಮದಕ್ಕೂ ಮೂಲ ಒಂದೇ: ಗಾಳಿಯನ್ನು ಬಲವಾಗಿ ಒತ್ತು, ಅದು ಕಾಯಲಿ, ಕಾದ ಗಾಳಿಯೊಳಕ್ಕೆ ಎಣ್ಣೆ ಚಿಮ್ಮಿಸು. ಕಿಡಿ ಹೊಡೆಯುವ ಪ್ಲಗ್ಗಿಲ್ಲ. ಹಳೇ ಲಾರಿಯಾದ್ದರಿಂದ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಅಂದಮೇಲೆ ನಿಲ್ಲುವುದಕ್ಕೆ ಕಾರಣ ಎರಡೇ: ಗಾಳಿ ಬರುತ್ತಿಲ್ಲ, ಇಲ್ಲವೇ ಡೀಸೆಲ್ ಬರುತ್ತಿಲ್ಲ. ಏರ್ ಫಿಲ್ಟರ್ ಬಿಚ್ಚಿ ನೋಡಿದೆವು, ಸ್ವಚ್ಛವಿತ್ತು. ಉಳಿದದ್ದು ಡೀಸೆಲ್. ಟ್ಯಾಂಕು, ಪೈಪು, ಫೀಡ್ ಪಂಪು, ಫಿಲ್ಟರು, ದೊಡ್ಡ ಪಂಪು, ನಾಜಲ್. ಇಷ್ಟು ಚಿಕ್ಕ ಸಿಲೆಬಸ್ ನನ್ನ ಸರ್ವಿಸಿನಲ್ಲೇ ಸಿಕ್ಕಿರಲಿಲ್ಲ.

ಆದರೆ ಊರಲ್ಲಿ ನನ್ನ ತತ್ವ ಯಾರಿಗೆ ಬೇಕಾಗಿತ್ತು? ಚಾದಂಗಡಿಯ ಬೆಂಚಿನ ಮೇಲೆ ಎಷ್ಟು ಲೋಟವೋ ಅಷ್ಟು ರೋಗ. "ನಾಜಲ್ ಹೋಗಿದೆ" ಎಂದರು ಒಬ್ಬರು. 200 ಬಾರ್‌ಗೂ ಮಿಕ್ಕಿದ ಒತ್ತಡಕ್ಕೆ ಬಾಯಿ ತೆರೆದು ಮಂಜು ಮಂಜಾಗಿ ಉಗುಳಬೇಕಾದ ನಾಜಲ್‌ಗಳನ್ನು ಬಿಚ್ಚಿಸಿ, ಪರೀಕ್ಷೆ ಮಾಡಿಸಿ, ತಿರುಗಿ ಕೂರಿಸಿದ್ದಾಯಿತು. "ನಾಜಲ್ ಅಲ್ಲ, ಪಂಪು" ಎಂದರು ಇನ್ನೊಬ್ಬರು. ಪಂಪು ಹುಬ್ಬಳ್ಳಿಗೆ ಹೋಗಿ, ಕ್ಯಾಲಿಬ್ರೇಷನ್ ಮಾಡಿಸಿಕೊಂಡು, ಸೀಲು ಹಾಕಿಸಿಕೊಂಡು ಬಂತು. "ಏರ್ ಹಿಡಿದಿದೆ ಮಾರಾಯ್ರೆ" ಎಂದರು ಮಗದೊಬ್ಬರು. ಲೈನಿನಲ್ಲಿ ಒಂದು ಗಾಳಿಗುಳ್ಳೆ ಹೊಕ್ಕರೂ ಸಾಕು, ಪಂಪು ಒತ್ತಿದ್ದೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ, ನಾಜಲ್ ಬಾಯಿಯೇ ಬಿಡುವುದಿಲ್ಲ. ಮಾತು ಶಾಸ್ತ್ರೀಯವಾಗಿತ್ತು. ತಾಮ್ರದ ವಾಶರುಗಳನ್ನೆಲ್ಲ ಬದಲಿಸಿದೆವು. ಕೊನೆಗೊಬ್ಬರು ಗಂಭೀರವಾಗಿ "ದೃಷ್ಟಿ" ಎಂದರು. ನಿಂಬೆಹಣ್ಣು, ಹಸಿಮೆಣಸು ಬಂಪರಿಗೆ ಬಂತು.

ಲಾರಿ ಮಾತ್ರ ಅದೇ ಘಟ್ಟದಲ್ಲಿ ನಿಲ್ಲುತ್ತಲೇ ಇತ್ತು. ಈ ವೈದ್ಯರಲ್ಲಿ ಒಬ್ಬರಾದರೂ ಬಾನೆಟ್ ಎತ್ತಿ ನೋಡಿದವರಲ್ಲ ಎಂಬುದು ನನ್ನ ಹೊಟ್ಟೆಯುರಿ. ಚಾದ ದುಡ್ಡನ್ನೂ ನಾನೇ ಕೊಡುತ್ತಿದ್ದೆ.

ಆಗ ನಾನು ನೋಟ್‌ಬುಕ್ಕಿನ ನಡುಪುಟದಲ್ಲಿ ಮಹಾಪ್ರಯೋಗವನ್ನು ಬರೆದೆ. ಟ್ಯಾಂಕಿನ ಸಂಬಂಧ ಕಡಿದು, ಫೀಡ್ ಪಂಪಿಗೆ ಬೇರೆ ಕ್ಯಾನಿನಿಂದ ಡೀಸೆಲ್ ಕುಡಿಸಿ ಘಟ್ಟ ಹತ್ತಿಸುವುದು. ಆಗಲೂ ನಿಂತರೆ ದೋಷ ಪಂಪಿನಿಂದ ಮುಂದೆ, ನಿಲ್ಲದಿದ್ದರೆ ಹಿಂದೆ. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನು ಮನೆಯಲ್ಲೇ ಇತ್ತು. ಅರ್ಧ ಎಣ್ಣೆಯೂ ಇತ್ತು. ಅದನ್ನು ಪಾತ್ರೆಗೆ ಬಗ್ಗಿಸಿದೆ, ಮನೆಯಾಕೆ ಮಾತು ಬಿಟ್ಟಳು. ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪು ತಂದೆ. ಆಚೆಯಿಂದ ಈಚೆ ಕಾಣುವ ಪೈಪೇ ಆಗಬೇಕು, ಗುಳ್ಳೆ ಬಂದರೆ ಕಣ್ಣಿಗೆ ಬೀಳಬೇಕಲ್ಲ.

ಕ್ಯಾನು ಪಂಪಿಗಿಂತ ಎತ್ತರದಲ್ಲಿರಬೇಕು. ಕ್ಲೀನರ್ ಹುಡುಗ ಕಟ್ಟುವುದಕ್ಕೆ ಹಗ್ಗ ತಂದ. ನಾನು ಬೇಡವೆಂದೆ. ಹಗ್ಗಕ್ಕೆ ವೀಕ್ಷಣಾ ಶಕ್ತಿ ಎಲ್ಲಿದೆ? ಹಾಗಾಗಿ ಕುಮಟೆಯಲ್ಲಿ ಲೋಡು ತುಂಬಿದ ಮೇಲೆ ಹುಡುಗನನ್ನು ನಡುವೆ ಕೂರಿಸಿ, ಕಿಟಕಿಯ ಪಕ್ಕ ನಾನು ಕೂತು, ಎಡಗೈ ಹೊರಗೆ ಚಾಚಿ ಕ್ಯಾನನ್ನು ಕ್ಯಾಬಿನ್ನಿನ ಮಾಡಿನ ಮಟ್ಟಕ್ಕೆ ಎತ್ತಿ ಹಿಡಿದೆ. ಪೈಪು ಅಲ್ಲಿಂದ ಇಳಿದು ಬಾನೆಟ್ಟಿನ ಸಂದಿಯಲ್ಲಿ ಮಾಯವಾಗುತ್ತಿತ್ತು. ಆಸ್ಪತ್ರೆಯಲ್ಲಿ ಸ್ಟ್ಯಾಂಡು ಸಿಗದೆ ಗ್ಲೂಕೋಸ್ ಬಾಟಲಿ ಹಿಡಿದು ನಿಂತ ನೆಂಟನ ಹಾಗೆ ನಾನು ಕುಮಟೆ ಪೇಟೆಯಲ್ಲಿ ಮೆರವಣಿಗೆ ಹೊರಟೆ.

ಪೇಟೆ ದಾಟುವ ಮೊದಲೇ ಪೊಲೀಸರೊಬ್ಬರು ಕೈ ಅಡ್ಡ ಮಾಡಿದರು.

"ಏನ್ರೀ ಅದು?"

"ಡೀಸೆಲ್."

"ಟ್ಯಾಂಕ್ ಇಲ್ವಾ ಗಾಡಿಗೆ?"

"ಇದೆ."

"ಅದರಲ್ಲಿ ಡೀಸೆಲ್ ಇಲ್ವಾ?"

"ಅದರಲ್ಲೂ ಇದೆ."

ಅವರು ಕ್ಯಾನು ನೋಡಿದರು, ಪೈಪು ನೋಡಿದರು, ನನ್ನ ನರೆಗೂದಲು ನೋಡಿದರು. ಯಾವ ಸೆಕ್ಷನ್ ಹಾಕುವುದೆಂದು ಮನಸ್ಸಿನಲ್ಲೇ ಹುಡುಕುತ್ತಿದ್ದರು, ಕಾಣುತ್ತಿತ್ತು. ಡ್ರೈವರ್ ನನ್ನ ಹಳೇ ವಿದ್ಯಾರ್ಥಿ. ಅವನು ಬಗ್ಗಿ, ತಗ್ಗಿದ ದನಿಯಲ್ಲಿ, "ನಮ್ಮ ಮಾಸ್ತರು ಸರ್, ರಿಟೈರ್ ಆಗಿದ್ದಾರೆ" ಎಂದ. ಪೊಲೀಸರ ಮುಖದಲ್ಲಿ ಎಲ್ಲ ತಿಳಿಯಾಯಿತು. "ಹುಷಾರಾಗಿ ಕರ್ಕೊಂಡು ಹೋಗು" ಎಂದು ಬಿಟ್ಟರು.

ಕತಗಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕ್ಯಾನು ಕಂಡು ಕೈಮುಗಿದಳು. ಗೋಕರ್ಣದ ಕೋಟಿತೀರ್ಥ ಅಂದುಕೊಂಡಳೋ ಏನೋ. ಎರಡೂ ಕೈ ಖಾಲಿಯಿದ್ದಿದ್ದರೆ ನಾನೂ ಮುಗಿಯುತ್ತಿದ್ದೆ; ತಲೆ ಮಾತ್ರ ಆಡಿಸಿದೆ. ಘಟ್ಟ ಶುರುವಾಯಿತು. ಪೈಪು ಸಿಕ್ಕಿಸಿದ ಮುಚ್ಚಳದಿಂದ ಹನಿ ಹನಿ ಒಸರಿ ಅಂಗೈಗೆ, ಮೊಣಕೈಗೆ, ತೋಳಿನೊಳಗಿಂದ ಕಂಕುಳಿಗೆ ತಣ್ಣಗೆ ಇಳಿಯಿತು. "ಎಷ್ಟಿದೆ ಮಾಸ್ತರೇ?" ಎಂದು ಡ್ರೈವರ್ ಕೂಗುವುದು, "ಎರಡು ಬೆರಳು ಇಳಿದಿದೆ!" ಎಂದು ನಾನು ಕೂಗುವುದು. ಎಂದೂ ನಿಲ್ಲುವ ತಿರುವು ಬಂತು. ನಾನು ಉಸಿರು ಬಿಗಿಹಿಡಿದೆ. ಲಾರಿ ಹಿಡಿಯಲಿಲ್ಲ, ಒಂದೇ ದಮ್ಮಿಗೆ ಹತ್ತಿ ಹೋಯಿತು. ಸಂತೋಷಕ್ಕೆ ನಾನು ಕ್ಯಾನು ಎತ್ತಿ ಕುಣಿಸಿದೆ. ಮರವೊಂದರ ಗೆಲ್ಲು ಅದನ್ನು ಕಸಿದುಕೊಳ್ಳಲು ನೋಡಿತು, ಕೊಡಲಿಲ್ಲ.

ಘಟ್ಟದ ಮೇಲೆ ನಿಲ್ಲಿಸಿದಾಗ ಡ್ರೈವರ್ ನನ್ನ ಪ್ರಯೋಗದ ಮಾತೇ ಎತ್ತಲಿಲ್ಲ. "ಇವತ್ತು ಚಕ್ರಕ್ಕೆ ಒಂದು ಕಲ್ಲೂ ಇಡಲಿಲ್ಲ" ಎಂದ, ಅಷ್ಟೇ.

ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲ್ಲು ಗಟ್ಟಿ. ಬೆನ್ನ ಮೇಲೆ ಕಲ್ಲಿನ ಲೋಡು, ಹಿಂದೆ ಬಸ್ಸು. ಕ್ಲೀನರ್ ಹುಡುಗ ಜಿಗಿದು ಚಕ್ರಕ್ಕೆ ಕಲ್ಲು ಕೊಡುವವರೆಗೆ ಡ್ರೈವರ್ ಕಾಲು ತೆಗೆಯುವ ಹಾಗಿಲ್ಲ. ನನ್ನ ನೋಟ್‌ಬುಕ್ಕಿನ "ಮತ್ತೆ ನಿಂತಿತು" ಎಂಬ ಒಂದೊಂದು ಸಾಲಿನಲ್ಲೂ ಇವನು ಹಾಗೆ ಕೂತಿದ್ದ. ಕೆಟ್ಟು ನಿಂತ ಲಾರಿಯವರು ಗಾಡಿ ಹೊರಟದ್ದೇ ತಡ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ನಮ್ಮ ಹುಡುಗ ಕಲ್ಲು ಚರಂಡಿಗೆ ನೂಕಿ ಬರುವವರೆಗೆ ಇವನು ಎರಡನೇ ಗೇರು ಹಾಕಿದ್ದನ್ನು ನಾನು ನೋಡಿಲ್ಲ. ವಿಜ್ಞಾನದಲ್ಲಿ ಇವನಿಗೆ ನಾನು ಧಾರಾಳವಾಗಿ ಮಾರ್ಕು ಕೊಟ್ಟವನಲ್ಲ.

ದೋಷ ಪಂಪಿನಿಂದ ಹಿಂದೆ ಎಂದು ಖಾತ್ರಿಯಾಗಿತ್ತು, ಟ್ಯಾಂಕು ಇಳಿಸಿದೆವು. ಡೀಸೆಲ್ಲನ್ನೆಲ್ಲ ಬಸಿದಾಗ ಕೊನೆಯ ಚರಟದೊಟ್ಟಿಗೆ ಬಂದದ್ದು ಒಂದು ಖಾಲಿ ಗುಟ್ಕಾ ಪ್ಯಾಕೆಟ್. ಟ್ಯಾಂಕಿನ ಬಾಯಿಯ ಜಾಲರಿ ಯಾವ ಕಾಲಕ್ಕೋ ಕಿತ್ತುಹೋಗಿತ್ತು. ಏರಿನಲ್ಲಿ ಎಂಜಿನ್ ಜೋರಾಗಿ ಎಳೆದಾಗ ಪ್ಯಾಕೆಟ್ ಹೋಗಿ ಸಕ್ಷನ್ ಪೈಪಿನ ಬಾಯಿಗೆ ಅಂಟುವುದು, ಎಂಜಿನ್ ಸತ್ತು ಎಳೆತ ನಿಂತ ಮೇಲೆ ಮೆಲ್ಲಗೆ ಕಳಚಿಕೊಳ್ಳುವುದು. ಬೀಡಿ ಸೇದುವಷ್ಟು ಹೊತ್ತಿನ ಗುಟ್ಟು ಇದು. ಗ್ಯಾರೇಜಿನ ಸಮತಟ್ಟಿನಲ್ಲಿ ಅಷ್ಟು ಎಳೆತವೇ ಇಲ್ಲ.

ಪ್ಯಾಕೆಟನ್ನು ಒರೆಸಿ ನೋಡಿದೆ, ಪ್ಲಾಸ್ಟಿಕ್ಕಿನದು. ಗುಟ್ಕಾವನ್ನು ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಮಾರುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು ಜಾರಿಗೆ ಬಂದದ್ದು 2011ರಲ್ಲಿ. ಕರ್ನಾಟಕದಲ್ಲಿ ಗುಟ್ಕಾವನ್ನೇ ನಿಷೇಧಿಸಿದ್ದು 2013ರಲ್ಲಿ. ಹೀಗೆ ಎರಡೆರಡು ಸಲ ನಿಷೇಧವಾದ ವಸ್ತು ನನ್ನ ಟ್ಯಾಂಕಿನಲ್ಲಿ ಆರಾಮಾಗಿ ಈಜಿಕೊಂಡಿತ್ತು. ಅದರೊಳಗಿದ್ದದ್ದಾದರೂ ಏನು? ಅಡಿಕೆ. ನನ್ನದು ಅಡಿಕೆ ತೋಟ. ಅಡಿಕೆ ದುಡ್ಡಿನಲ್ಲೇ ಲಾರಿ ಕೊಂಡದ್ದು. ಯಾರನ್ನು ಬೈಯಬೇಕೆಂದು ಹೊಳೆಯದೆ ಬಾಯಲ್ಲಿದ್ದ ಕವಳವನ್ನು ಮುಂದುವರಿಸಿದೆ.

ಸುದ್ದಿ ಚಾದಂಗಡಿ ಮುಟ್ಟಿತು. ನಾಜಲ್ಲಿನವರು, ಪಂಪಿನವರು, ಏರಿನವರು ಎಲ್ಲರೂ "ಡೀಸೆಲ್ ಬರ್ತಾ ಇಲ್ಲ ಅಂತ ನಾನು ಅವತ್ತೇ ಹೇಳಿದ್ನಲ್ಲ" ಎಂದರು. ದೃಷ್ಟಿಯವರು ಮಾತ್ರ ಪಟ್ಟು ಸಡಿಲಿಸಲಿಲ್ಲ. "ನಿಂಬೆಹಣ್ಣು ಕಟ್ಟಿದ ಮೇಲೇ ಅಲ್ವಾ ಮಾಸ್ತರೇ, ಪ್ಯಾಕೆಟ್ ಸಿಕ್ಕಿದ್ದು?" ದಿನಾಂಕ ಹಾಕಿ ಬರೆದಿಟ್ಟ ನನ್ನ ನೋಟ್‌ಬುಕ್ಕೇ ಅವರ ಪರವಾಗಿ ಸಾಕ್ಷಿ ಹೇಳಿತು. ಹೀಗಾಗಿ ಟ್ಯಾಂಕಿನ ಬಾಯಿಗೆ ಹೊಸ ಜಾಲರಿ ಬಂದಿದೆ, ಬಂಪರಿಗೆ ಪ್ರತಿ ಅಮಾವಾಸ್ಯೆ ಹೊಸ ನಿಂಬೆಹಣ್ಣೂ ಬರುತ್ತಿದೆ.