ಬಿ.ಎಚ್. ರಸ್ತೆಯ ಕಾಫಿ ಮೀಮಾಂಸೆ

ವಿಷಯ: ಸದಾ ಊರೂರು ಸುತ್ತುವವನು ಹೋದಲ್ಲೆಲ್ಲ ಗೊತ್ತಿರುವ ಕಾಫಿಯನ್ನೇ ಏಕೆ ಹುಡುಕುತ್ತಾನೆ? ಸಂಶಯ: ಅವನಿಗೆ ಬೇಕಾದದ್ದು ಕಾಫಿಯೋ, ನಿಶ್ಚಿಂತೆಯೋ?

ಇಂಥ ಗಹನ ಪ್ರಶ್ನೆಗೆ ಶಿವಮೊಗ್ಗ–ಭದ್ರಾವತಿಗಿಂತ ತಕ್ಕ ಪ್ರಯೋಗಶಾಲೆ ಸಿಗದು. ಸುಮಾರು 20 ಕಿಲೋಮೀಟರ್ ಅಂತರದ ಈ ಎರಡೂ ಊರುಗಳಲ್ಲಿ ಮುಖ್ಯರಸ್ತೆಯ ಹೆಸರು ಬಿ.ಎಚ್. ರಸ್ತೆಯೇ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೊರಟ ಆ ರಸ್ತೆ ತುಮಕೂರಿನಲ್ಲೂ ತಿಪಟೂರಿನಲ್ಲೂ ಸಾಗರದಲ್ಲೂ ಅದೇ ಹೆಸರು ಹೇಳಿಕೊಳ್ಳುತ್ತದೆ. ಸರಣಿ ಮಳಿಗೆಗಳು ಹುಟ್ಟುವ ಮೊದಲೇ ಇಲ್ಲಿ ಸರಣಿ ರಸ್ತೆಯೊಂದಿತ್ತು ಎಂಬುದು ಇದರಿಂದ ಸಿದ್ಧ.

ಪೂರ್ವಪಕ್ಷ ಅಮೆರಿಕದ ಸಮಾಜಶಾಸ್ತ್ರಜ್ಞ ಜಾರ್ಜ್ ರಿಟ್ಜರ್ ಅವರದು. 1993ರಲ್ಲಿ ಅವರು ಮೆಕ್‌ಡೊನಾಲ್ಡ್ಸ್ ಮಾದರಿಯ ಲಕ್ಷಣಗಳನ್ನು ಪಟ್ಟಿ ಮಾಡುತ್ತ, ದಕ್ಷತೆ, ಲೆಕ್ಕಾಚಾರ, ನಿಯಂತ್ರಣಗಳ ಜೊತೆಗೆ ‘ಮುಂದೇನೆಂದು ಮೊದಲೇ ಗೊತ್ತಿರುವಿಕೆ’ಯನ್ನೂ ಸೇರಿಸಿದರು. ಅದಕ್ಕೆ ನಮ್ಮ ಕಡೆಯ ದೃಷ್ಟಾಂತ: 1996ರಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದರು. ಮುಂದೆ ಹೆದ್ದಾರಿಯುದ್ದಕ್ಕೂ ಅದೇ ಕೆಂಪು ಫಲಕ. ಬ್ಯಾಗು ಹೊತ್ತು ತಿರುಗುವ ಮೆಡಿಕಲ್ ರೆಪ್‌ಗೆ ಅಲ್ಲಿ ಶೌಚಾಲಯ ಯಾವ ಕಡೆ, ಫೋನ್ ಚಾರ್ಜಿಗೆ ಹಾಕುವುದೆಲ್ಲಿ, ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸರು ಎಂಬುದೆಲ್ಲ ಒಳಹೋಗುವ ಮೊದಲೇ ಗೊತ್ತು. ಕೊಡುವ ದುಡ್ಡು ಕುರ್ಚಿಯ ಬಾಡಿಗೆ, ಕಾಫಿ ಅದರ ರಸೀದಿ ಎಂದು ಪೂರ್ವಪಕ್ಷದ ಒಂದು ಶಾಖೆ ವಾದಿಸುತ್ತದೆ. ಬೆಲೆ ನೋಡಿದರೆ ಅಲ್ಲಗಳೆಯುವುದು ಕಷ್ಟ.

ಭೂಗರ್ಭವೂ ಸಾಕ್ಷಿ ನುಡಿಯುತ್ತದೆ. ಬಾಬಾಬುಡನ್ ಗಿರಿಶ್ರೇಣಿ ಕಾಫಿಯನ್ನಷ್ಟೇ ಬೆಳೆಯಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರನ್ನೂ ಕೊಟ್ಟಿತು. ಒಂದು ಎರಕ ಇನ್ನೊಂದರಂತೆಯೇ ಇರಬೇಕೆಂಬ ಹಟ ಕುಲುಮೆಯಿಂದ ಕಾಫಿ ಲೋಟಕ್ಕೆ ಹರಡಿತೆಂದು ಈ ಪ್ರಬಂಧ, ಯಾವ ಆಧಾರವೂ ಇಲ್ಲದೆ, ಪ್ರತಿಪಾದಿಸುತ್ತದೆ.

ಇನ್ನು ಸಿದ್ಧಾಂತ. ಆದಿಸರಣಿ ಎಂದರೆ ಉಡುಪಿ ಹೋಟೆಲು. ಅದಕ್ಕೆ ಒಬ್ಬ ಮಾಲೀಕನಿಲ್ಲ, ಲಾಂಛನವಿಲ್ಲ, ಸಿಬ್ಬಂದಿಗೆ ಕೈಪಿಡಿಯಿಲ್ಲ. ಆದರೂ ಶಿವಮೊಗ್ಗದ ಬಸ್ ನಿಲ್ದಾಣದ ಬಳಿ ಕೂತವನಿಗೂ ಭದ್ರಾವತಿಯಲ್ಲಿ ಕೂತವನಿಗೂ ಮೊದಲು ನೀರಿನ ಲೋಟ, ಆಮೇಲೆ ಒಂದೇ ಉಸಿರಿನಲ್ಲಿ ಇಡ್ಲಿ-ವಡೆಯಿಂದ ಖಾಲಿ ದೋಸೆವರೆಗಿನ ಪಾರಾಯಣ, ಕೊನೆಗೆ ನೊರೆಗಟ್ಟಿದ ಕಾಫಿ. ಕಾಫಿಯ ರುಚಿಭೇದಕ್ಕೂ ಸರ್ಕಾರ ಗಡಿ ಹಾಕಿದೆ: ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಹೋಟೆಲಿನವರು ತಮ್ಮ ಪ್ರತಿಭೆಯನ್ನೆಲ್ಲ ಉಳಿದ 49ರೊಳಗೇ ತೋರಿಸಬೇಕು.

ಹಾಗಾದರೆ ಎರಡು ಸರಣಿಗಳಿಗೂ ವ್ಯತ್ಯಾಸವೇ ಇಲ್ಲವೇ? ಇದೆ, ಬೈ ಟೂ. ಎಸಿ ಮಳಿಗೆಯ ಬಿಲ್ಲಿಂಗ್ ಯಂತ್ರದಲ್ಲಿ ಅರ್ಧ ಕಾಫಿಗೆ ಗುಂಡಿಯಿಲ್ಲ. ಖಾಲಿ ಕಪ್ಪು ಕೇಳಿ ನಾವೇ ಹಂಚಿಕೊಳ್ಳಬೇಕು. ಹೋಟೆಲಿನಲ್ಲಾದರೆ ಮಾಣಿ ಒಳಗೆ ಕೂಗಿದರೆ ಸಾಕು, ಎರಡು ಲೋಟ ಬರುತ್ತವೆ. ಅಳತೆ ಹೊಯ್ಯುವವನ ಕಣ್ಣಿಗೆ ಬಿಟ್ಟದ್ದಾದ್ದರಿಂದ ಆ ಎರಡು ಅರ್ಧಗಳು ಕೂಡಿದರೆ ಸಾಮಾನ್ಯವಾಗಿ ಒಂದಕ್ಕಿಂತ ತುಸು ಹೆಚ್ಚು. ಈ ಗಣಿತವನ್ನು ರಿಟ್ಜರ್ ಗಮನಿಸಿದಂತಿಲ್ಲ.