ಕೋರಂ ಭಾವ

ಯಾವ ವಸ್ತುವಾದರೂ ಒಂದೇ ಇದ್ದರೆ ನಮ್ಮ ಭಾವನಿಗೆ ನಿದ್ದೆ ಹತ್ತುವುದಿಲ್ಲ. ಮನೆಯ ಬೀಗದ ಕೈಗಳು ಮೂರು. ಒಂದು ಅವರ ಜೇಬಿನಲ್ಲಿ, ಒಂದು ಪಕ್ಕದ ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲಿ ನಮ್ಮಮ್ಮನ ಹತ್ತಿರ. "ಮೂರೂ ಬೆಂಗಳೂರಲ್ಲೇ ಇದ್ದು, ಊರಿಗೆ ಊರೇ ಮುಳುಗಿದರೆ?" ಆಗ ಮನೆಯೂ ಮುಳುಗಿರುತ್ತಲ್ಲ ಭಾವ ಎಂದರೆ, "ಅದು ಬೇರೆ ಟಿಕೆಟ್" ಎನ್ನುತ್ತಾರೆ.

ಇಂಥವರು ಪ್ರತಿ ಸಾಫ್ಟ್‌ವೇರ್ ಕಂಪನಿಯಲ್ಲೂ ಒಬ್ಬರಿರುತ್ತಾರೆ. ನೂರಾರು ಸರ್ವರ್‌ಗಳಲ್ಲಿ ನಾಲ್ಕು ಕೈಕೊಟ್ಟರೂ ಗಿರಾಕಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಇವರ ಕಸುಬು. ಇವರ ಆರಾಧ್ಯದೈವ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್. ಸದಸ್ಯರು ಬೇಕಾದಾಗ ಬಂದು ಬೇಡವಾದಾಗ ಎದ್ದುಹೋಗುವ ಶಾಸನಸಭೆಯೊಂದು ಒಮ್ಮತಕ್ಕೆ ಬರುವುದು ಹೇಗೆ ಎಂದು ಗ್ರೀಕ್ ದ್ವೀಪದ ಕಟ್ಟುಕತೆಯ ಮೂಲಕ ವಿವರಿಸಿದ ಪುಣ್ಯಾತ್ಮ; ಆ ಸದಸ್ಯರೆಂದರೆ ಇವರ ಸರ್ವರ್‌ಗಳೇ. 1990ರಲ್ಲಿ ಕಳಿಸಿದ ಆ ಪ್ರಬಂಧ ಅಚ್ಚಾದದ್ದು 1998ರಲ್ಲಿ. "ವಿಧಾನಸೌಧ ನೋಡಿದವರಿಗೆ ಒಂದೇ ಓದಿಗೆ ಅರ್ಥವಾಗುತ್ತಿತ್ತು" ಎಂದು ಭಾವನ ಅಭಿಪ್ರಾಯ.

ಭಾವನ ಮನೆಯಲ್ಲೂ ಇದೇ ಬಹುಮತದ ಲೆಕ್ಕ. ಇರುವುದು ನಾಲ್ಕು ಜನ. ಇಬ್ಬರು ಇಡ್ಲಿ, ಇಬ್ಬರು ದೋಸೆ ಎಂದ ದಿನ ಬಹುಮತವೂ ಇಲ್ಲ, ತಿಂಡಿಯೂ ಇಲ್ಲ. "ನಾಲ್ವರಿದ್ದರೆ ಮೂವರು ಒಪ್ಪಬೇಕು, ಒಬ್ಬರು ಮಾತ್ರ ಗೈರಾಗಬಹುದು. ಮೂವರಿದ್ದರೂ ಅಷ್ಟೇ. ನಾಲ್ಕನೆಯವರು ಬರೀ ಖರ್ಚು! ಅತ್ತೆ ಬಂದರೆ ಐದಾಗುತ್ತೆ, ಇಬ್ಬರು ಮಲಗಿದ್ದರೂ ಮನೆ ನಡೆಯುತ್ತೆ." ಅತ್ತೆಯ ದಾರಿಯನ್ನು ಇಷ್ಟು ಆಸೆಯಿಂದ ಕಾಯುವ ಅಳಿಯನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ರಾತ್ರಿ ಊಟವಾದ ಮೇಲೆ ಸಮಾಜಸೇವೆ. ಒಂದು ಯಂತ್ರದ ಸಂದೇಶ ಇನ್ನೊಂದಕ್ಕೆ ಮುಟ್ಟದಿದ್ದರೆ ಮತ್ತೆ ಕಳಿಸುವ ಪುಟ್ಟ ಲೈಬ್ರರಿಯೊಂದನ್ನು ಭಾವ ಬರೆದು ಓಪನ್ ಸೋರ್ಸ್ ಎಂದು ಲೋಕಕ್ಕೆ ಬಿಟ್ಟಿದ್ದಾರೆ. ಕಾಸಿಲ್ಲ, ಕರೀಮಣಿಯಿಲ್ಲ. ಕಂಡು ಕೇಳರಿಯದವರೆಲ್ಲ "ನಮ್ಮ ಪ್ರೊಡಕ್ಷನ್ ನಿಂತಿದೆ, ಇವತ್ತೇ ಸರಿಮಾಡಿ" ಎಂದು ಗದರಿಸಿದರೆ, ಇವರು ಕ್ಷಮೆ ಕೇಳಿ ರಾತ್ರಿ ಎರಡರವರೆಗೆ ಕೂರುತ್ತಾರೆ. ಅಡುಗೆಮನೆ ನಲ್ಲಿ ಸೋರುತ್ತಿದೆ ಎಂದು ಅಕ್ಕ ಹೇಳಿದರೆ ಮಾತ್ರ, "ಏನು ಮಾಡಿದಾಗ ಸೋರುತ್ತೆ, ಹಂತಹಂತವಾಗಿ ಹೇಳು." ಮರುದಿನ ಮತ್ತೆ ಹೇಳಿದರೆ, "ನಿನ್ನೆಯೇ ಹೇಳಿದ್ದೀಯ, ಡೂಪ್ಲಿಕೇಟ್ ಅಂತ ಕ್ಲೋಸ್ ಮಾಡಿದೀನಿ."

ಮೊನ್ನೆ ಅಕ್ಕ ಸುಮ್ಮನೆ ಕೇಳಿದಳು: "ರೀ, ಎಲ್ಲಕ್ಕೂ ಮೂರು ಮೂರು ಇಟ್ಟಿದ್ದೀರಿ. ಆ ಲೈಬ್ರರಿಗೆ ನೀವೊಬ್ಬರೇ ಅಲ್ವಾ? ನಿಮಗೆ ಹುಷಾರು ತಪ್ಪಿದರೆ?"

ಭಾವ ಬೆವೆತರು. ಜೊತೆಗಾರರು ಬೇಕಾಗಿದ್ದಾರೆ ಎಂದು ಆ ರಾತ್ರಿಯೇ ಪ್ರಕಟಣೆ ಹೊರಡಿಸಿದರು. ದಾವಣಗೆರೆಯ ಹುಡುಗನೊಬ್ಬ "ಸರ್, ನಾನು ಸಹಾಯ ಮಾಡಲಾ?" ಎಂದ. ಈಗ ಅದೇ ಚಿಂತೆ.

"ತುಂಬಾ ವಿನಯ ಕಣೋ" ಎಂದು ನನ್ನ ಹತ್ತಿರ ಪಿಸುಗುಟ್ಟಿದರು. "ಎಕ್ಸ್‌ಝಡ್‌ನಲ್ಲಿ ಆದದ್ದು ಗೊತ್ತಲ್ಲ, ಆ ಓಪನ್ ಸೋರ್ಸ್ ಲೈಬ್ರರಿಯಲ್ಲಿ? ದಣಿದಿದ್ದ ಒಬ್ಬನೇ ನಿರ್ವಾಹಕನಿಗೆ ನೆರವಾಗ್ತೀನಿ ಅಂತ ಬಂದವನು ಎರಡು ವರ್ಷ ಬೆನ್ನು ಬಗ್ಗಿಸಿ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ, ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಂಡ್ ಅನ್ನೋ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದಕ್ಕೆ ಲೋಕ ಉಳೀತು. ಎರಡು ವರ್ಷ ಬಿಡದೆ ವಿನಯ ತೋರಿಸುವವರನ್ನ ನಂಬಬಾರದು."

ಕಾಫಿ ತಂದಿಟ್ಟ ಅಕ್ಕ ಅಂದಳು: "ಮದುವೆಗೆ ಮುಂಚೆ ನೀವೂ ಎರಡು ವರ್ಷ ಹಾಗೇ ಇದ್ರಿ. ನನಗೇ ಹೊಳೀಲಿಲ್ಲ ನೋಡಿ."