ಕೌದಿ ಹೊದ್ದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ದಿನಾ ಸಂಜೆ ಏಳರ ಸುಮಾರಿಗೆ ಒಮ್ಮೆ ಸಾಯುತ್ತಿತ್ತು. ಮನಸ್ಸು ಬಂದರೆ ಮಧ್ಯಾಹ್ನ ಇನ್ನೊಮ್ಮೆ. ಮೊದಮೊದಲು ಮನೆಮಂದಿಯೆಲ್ಲ ಓಡಿಬಂದು ಸುತ್ತ ನಿಲ್ಲುತ್ತಿದ್ದರು. ದಿನಾ ಸಾಯುವವರಿಗೆ ಅಳುವವರಾರು? ಬರಬರುತ್ತ ಅಡಿಗೆಮನೆಯಿಂದ "ಹೋತೇನ್ರಿ?" ಎಂಬ ಒಂದು ಪ್ರಶ್ನೆ ಮಾತ್ರ ಬರತೊಡಗಿತು. "ಹೋತು." "ಹಂಗಾದ್ರ ಊಟಕ್ಕ ಬರ್ರಿ." ಹೀಗೆ ನಮ್ಮ ಮನೆಯಲ್ಲಿ ಊಟದ ಹೊತ್ತು ಗೊತ್ತು ಮಾಡುತ್ತಿದ್ದದ್ದು ಗಡಿಯಾರವಲ್ಲ, ಕಂಪ್ಯೂಟರಿನ ಮರಣ.

ಅದು ಕಲ್ಲೋಳಿಗೆ ಬಂದದ್ದು 2004ರ ದಸರೆಗೆ. ಗೋಕಾಕದ ಅಂಗಡಿಯೊಂದರಲ್ಲಿ ವ್ಯಾಪಾರ ಮುಗಿಸಿ ಟಂಟಂದಲ್ಲಿ ಹೇರಿಕೊಂಡು ಬಂದೆವು. ಪೆಂಟಿಯಂ 4 ಪ್ರೊಸೆಸರ್, 256 ಎಂ.ಬಿ. ರ‍್ಯಾಮ್, 40 ಜಿ.ಬಿ. ಹಾರ್ಡ್ ಡಿಸ್ಕ್. ಅಪ್ಪ ಅಂಗಡಿಯವನನ್ನು ಕೇಳಿದ್ದು ಒಂದೇ ಮಾತು: "ನಲವತ್ತು ಅಂದ್ರ ಎಷ್ಟ್ ಚೀಲಾತು?" ಅವನು ನಕ್ಕು, "ಸಾಯೂತನಕಾ ತುಂಬಂಗಿಲ್ರಿ ಅಜ್ಜಾರ" ಎಂದ. ಲೋಳಸೂರ ಸೇತುವೆ ದಾಟುವಾಗ ಟಂಟಂ ಕುಲುಕಿದ ಕುಲುಕಿಗೆ ದೊಡ್ಡ ಬೆನ್ನಿನ ಆ ಮಾನಿಟರ್ ಹೊಳೆಗೆ ಬೀಳಬೇಕಿತ್ತು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುಖಕ್ಕೆ ಧೂಳು ಬಡಿಯದಂತೆ ತಮ್ಮ ಪಟಗಾ ಬಿಚ್ಚಿ ಹೊದಿಸಿ, ಕೂಸನ್ನು ತರುವ ಹಾಗೆ ತಂದರು. ಯಂತ್ರಕ್ಕೆ ಹೊದಿಸುವ ಚಾಳಿ ನಮ್ಮ ಮನೆಯಲ್ಲಿ ಅವತ್ತೇ ಶುರುವಾಯಿತು. ಮಾರನೆಯ ದಿನ ಅವ್ವ ಹಳೆಯ ಸೀರೆಗಳ ತುಂಡು ಕೂಡಿಸಿ ಅದರ ಅಳತೆಗೊಂದು ಸಣ್ಣ ಕೌದಿ ಹೊಲಿಯಲು ಕೂತಳು.

ಈಗ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗೊಮ್ಮೆ, "ಅದನ್ನ ಮೋಡಕಾ ಅಂಗಡಿಗೆ ಹಾಕ್ರಿ ಅಪ್ಪಾ, ನಾ ಲ್ಯಾಪ್‌ಟಾಪ್ ಕಳಸ್ತೀನಿ" ಎನ್ನುತ್ತಾನೆ. ಅವನಿಗೆ ಅರ್ಥವಾಗದ್ದೇನೆಂದರೆ ಅದರ ಹೊಟ್ಟೆಯಲ್ಲಿ ನನ್ನ ಪಾರಿಜಾತವಿದೆ. ಶ್ರೀಕೃಷ್ಣ ಪಾರಿಜಾತ ಎಂದರೆ ನಮ್ಮ ಭಾಗದಲ್ಲಿ ಬರೀ ಆಟವಲ್ಲ, ಮನೆಮಾತು. ಅದನ್ನು ಊರೂರಿಗೆ ಮುಟ್ಟಿಸಿದ ತಮ್ಮಣ್ಣನವರ ಕುಲಗೋಡ ನಮಗೆ ಮಗ್ಗುಲಲ್ಲೇ ಇದೆ. ಪಾರಿಜಾತದಾಟಕ್ಕೆ ಹೆಸರಾದ ನಿಂಗಮ್ಮನ ಕೌಜಲಗಿಯೂ ದೂರವಲ್ಲ. ಮಾಸ್ತರಕಿಯಿಂದ ನಿವೃತ್ತನಾದ ಮೇಲೆ, ಹಿಂದೆ ಮೇಳದಲ್ಲಿದ್ದ ಅಜ್ಜಂದಿರ ಬಾಯಿಂದ ಪದಗಳನ್ನು ಕೇಳಿ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಇಡುವುದು ನನ್ನ ಉದ್ಯೋಗ. ಅದೂ ಹಳೆಯ ನುಡಿ. ಆ ಕಡತ ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿದರೆ ಭಾಮೆ ರುಕ್ಮಿಣಿಯರೆಲ್ಲ ನೆತ್ತಿಯ ಮೇಲೆ ಚುಕ್ಕೆ, ಕಾಲಿಗೆ ಬಾಲ ಕಟ್ಟಿಕೊಂಡ ಯಾವುದೋ ಯುರೋಪಿನ ಅಕ್ಷರಗಳಾಗಿ ಕುಣಿಯುತ್ತಾರೆ. ಪರಿವರ್ತಕಗಳು ಇವೆ, ಬಲ್ಲೆ. ಆದರೆ ನಾನೂ ನಿವೃತ್ತ, ನನ್ನ ವಿಂಡೋಸ್ ಎಕ್ಸ್‌ಪಿಯೂ 2014ರ ಏಪ್ರಿಲ್ 8ಕ್ಕೆ ನಿವೃತ್ತಿ ಹೊಂದಿದ್ದು. ಇಬ್ಬರಲ್ಲಿ ಪೆನ್ಶನ್ ಇರುವವನು ಇನ್ನೊಬ್ಬನನ್ನು ಬಿಟ್ಟುಕೊಡುವುದು ಧರ್ಮವಲ್ಲ.

ರೋಗ ಬಂತೆಂದು ಗೊತ್ತಾದರೆ ನಮ್ಮೂರಲ್ಲಿ ವೈದ್ಯರಿಗೆ ಬರವಿಲ್ಲ. ನೆರೆಮನೆಯ ಕಾಕಾ ಕಬ್ಬಿನ ಟ್ರ್ಯಾಕ್ಟರ್ ಇಟ್ಟವರು. ಡಬ್ಬಿಗೆ ಕಿವಿ ಹಚ್ಚಿ ಕೇಳಿ, "ಡೀಸೆಲ್‌ದಾಗ ನೀರ ಕೂಡೇತಿ ನೋಡ್ರಿ ಮಾಸ್ತರ" ಎಂದರು. ನನ್ನ ಹೆಂಡತಿಯ ಪ್ರಕಾರ ಅದಕ್ಕೆ ರೋಗವೇ ಇಲ್ಲ: "ನಿಮ್ಮ ಕೂಡ ಇಪ್ಪತ್ತ ವರ್ಷ ಇದ್ದು ನಿಮ್ಮಂಗ ಆಗೇತಿ. ಏಳಾತಂದ್ರ ಕುಂತಲ್ಲೇ ತೂಕಡಸ್ತೈತಿ." ಅವ್ವ ದೃಷ್ಟಿ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಶನಿವಾರ ಹಣಮಪ್ಪನ ಗುಡಿಗೆ ಹೋದವಳು ಕಂಪ್ಯೂಟರಿನ ಹೆಸರಲ್ಲೂ ಒಂದು ಕಾಯಿ ಒಡೆಸಿಕೊಂಡು ಬಂದಳು. ಪೂಜಾರಿ ಹೆಸರು, ನಕ್ಷತ್ರ ಕೇಳಿದರೆ ಏನು ಹೇಳಿದಳೋ, ನಾನು ವಿಚಾರಿಸಲಿಲ್ಲ.

ನಾನು ವಿಜ್ಞಾನದ ಮಾರ್ಗ ಹಿಡಿದೆ. ಎಂದರೆ, ಗೋಕಾಕಕ್ಕೆ ಹೋದೆ. ಕಲ್ಲೋಳಿ ಈಗ ಮೂಡಲಗಿ ತಾಲೂಕಿಗೆ ಸೇರಿದ್ದರೂ ನಮ್ಮ ಕಂಪ್ಯೂಟರ್ ಇನ್ನೂ ಗೋಕಾಕಕ್ಕೇ ನಡೆದುಕೊಳ್ಳುತ್ತದೆ. ರಿಪೇರಿ ಅಂಗಡಿಯ ಹುಡುಗ ಅದರ ಮುಖವನ್ನೂ ನೋಡಲಿಲ್ಲ. "ಫಾರ್ಮ್ಯಾಟ್ ಹೊಡೀಬೇಕ್ರಿ ಸರ" ಎಂದ. ಜ್ವರ ಬರಲಿ, ಕಾಲು ಉಳುಕಲಿ, "ಡಾಕ್ಟರ, ಒಂದ್ ಸಲಾಯಿನ್ ಹಚ್ರಿ" ಎನ್ನುವ ನಮ್ಮ ಜನಕ್ಕೆ ಈ ಔಷಧ ಒಗ್ಗಿದ್ದೇ. ಹೊಡೆಸಿದೆ. ಕಂಪ್ಯೂಟರ್ ಹೊಸ ಮದುಮಗನಂತೆ ಮನೆಗೆ ಬಂತು. ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಹನ್ನೊಂದು ಪದಗಳು ಬರಲಿಲ್ಲ. ಡೆಸ್ಕ್‌ಟಾಪ್ ಎಂದರೆ ಟೇಬಲ್ಲಿನ ಮೇಲೆ ಇಟ್ಟ ಹಾಗೆ, ಸಿ ಡ್ರೈವ್ ಅಳಿಸಿದರೆ ಅದಕ್ಕೇನು ಎಂದು ನಾನು ತಿಳಿದಿದ್ದೆ. ಅದೂ ಸಿ ಡ್ರೈವಿನಲ್ಲೇ ಇರುತ್ತದಂತೆ.

ನಮ್ಮೂರಲ್ಲೇ ಶಾಂತಿನಾಥ ಬಸದಿಯ ಶಾಸನವೊಂದಿದೆ. ಸವದತ್ತಿಯ ರಟ್ಟರಲ್ಲಿ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಸುಮಾರು 1204ನೇ ಇಸವಿಯದು. ಎಂಟುನೂರು ವರ್ಷ ಬಿಸಿಲು, ಮಳೆ, ಹುಡುಗರು, ಎಮ್ಮೆ ಎಲ್ಲವನ್ನೂ ತಡೆದುಕೊಂಡಿದೆ. ಅದನ್ನು ಕಂಡರಿಸಿದವನಿಗೆ ಯಾರೂ ಫಾರ್ಮ್ಯಾಟ್ ಹೊಡೆಯುವಂತೆ ಹೇಳಲಿಲ್ಲ.

ಕಳೆದ ಪದಗಳಿಗಾಗಿ, ಅವನ್ನು ಹಾಡಿದ್ದ ಅಜ್ಜನ ಹತ್ತಿರ ಮತ್ತೆ ಹೋಗಿ ಕೂತೆ. ಅಜ್ಜ ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡು ಹಾಡಿದರು. ಹನ್ನೊಂದರಲ್ಲಿ ನಾಲ್ಕು ಬೇರೆಯೇ ಆಗಿದ್ದವು. "ಅಜ್ಜಾ, ಹ್ವಾದ ಸಲ ಇದು ಹಿಂಗ ಇರಲಿಲ್ಲಲ್ರಿ?" ಎಂದೆ. ಅಜ್ಜ ನನ್ನನ್ನು ಮರುಕದಿಂದ ನೋಡಿ, "ನಿನ್ನ ಮಿಶನ್ನು ತಪ್ಪ ಕೇಳಿರಬೇಕು" ಎಂದರು.

ಫಾರ್ಮ್ಯಾಟ್ ಆದ ಮೂರನೆಯ ದಿನ, ಸಂಜೆ ಏಳಕ್ಕೆ, ಕಂಪ್ಯೂಟರ್ ಮತ್ತೆ ಸತ್ತಿತು. ಪಾರಿಜಾತದ ಒಂದೇ ಹೂವು ರುಕ್ಮಿಣಿಗೆ ಹೋದದ್ದಕ್ಕೆ ಸತ್ಯಭಾಮೆ ಅಷ್ಟು ಮುನಿದಳು. ಇದಕ್ಕೆ ಯಾವ ಹೂವು ತಪ್ಪಿತೋ ತಿಳಿಯದು.

ನಾನೇ ಕೈ ಹಾಕುವುದೆಂದು ನಿಶ್ಚಯಿಸಿದೆ. ಸಾಯುವ ಮುಂಚೆ ಪರದೆಯ ಮೇಲೆ ಒಮ್ಮೊಮ್ಮೆ ನೀಲಿ ಬಣ್ಣ ಮಿಂಚಿ ಮಾಯವಾಗುತ್ತಿತ್ತು. ಅದು ಯಂತ್ರದ ಕೊನೆಯ ಮಾತು. ಆದರೆ ಓದುವಷ್ಟರಲ್ಲಿ ತಾನೇ ರೀಸ್ಟಾರ್ಟ್ ಆಗಿಬಿಡುತ್ತಿತ್ತು. ಹಾಗೆ ಆಗದಂತೆ ಮಾಡುವ ಒಂದು ಟಿಕ್ ಗುರುತು ಸೆಟ್ಟಿಂಗಿನ ಒಳಕೋಣೆಯಲ್ಲಿ ಇರುತ್ತದೆ, ಅದನ್ನು ತೆಗೆದೆ. ಮುಂದಿನ ಸಲ ನೀಲಿ ಪರದೆ ಗಟ್ಟಿಯಾಗಿ ನಿಂತಿತು. "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್" ಎಂದು ಬರೆದಿತ್ತು. ಪಕ್ಕದಲ್ಲೇ ಇದ್ದ ಕಾಕಾ ಅದರ ಅರ್ಥ ಹೇಳು ಎಂದರು. ಕಡಿಮೆಯೂ ಅಲ್ಲ, ಸಮಾನವೂ ಅಲ್ಲ ಅಂತೈತಿ ಎಂದೆ. ಕಾಕಾ ತೊಡೆ ತಟ್ಟಿದರು: "ಅಣ್ತಮ್ಮಂದಿರ ವಾಟ್ನಿ ಜಗಳ ಐತಿ ಇದು! ಒಳಗ ಯಾರೋ ಇನ್ನೊಬ್ಬನ ಹೊಲಕ್ಕ ನೇಗಿಲ ಹೂಡ್ಯಾನ."

ನಗಬೇಡಿ. ಆಮೇಲೆ ಬಲ್ಲವರನ್ನು ಕೇಳಿ ತಿಳಿದುಕೊಂಡರೆ ಕಾಕಾ ಹೇಳಿದ್ದು ಹೆಚ್ಚುಕಡಿಮೆ ಅದೇ. ಯಾವುದೋ ಒಂದು ಡ್ರೈವರ್, ಆ ಹೊತ್ತಿನಲ್ಲಿ ತಾನು ಮುಟ್ಟಬಾರದ ಮೆಮೊರಿಯ ಜಾಗಕ್ಕೆ ಕೈ ಹಾಕಿದರೆ ಈ ತಕರಾರು ಬರುತ್ತದೆ. ರ‍್ಯಾಮ್ ಕೆಟ್ಟಿದ್ದರೂ, ಅದರ ಹಲ್ಲು ಸರಿಯಾಗಿ ಕೂತಿರದಿದ್ದರೂ ಬರಬಹುದು.

ಒಂದು ಭಾನುವಾರ ಪಡಸಾಲೆಯಲ್ಲಿ ಚಾಪೆ ಹಾಸಿ ಡಬ್ಬಿ ಬಿಚ್ಚಿದೆ. ಒಳಗೆ ನೋಡಿದವನು ಒಂದು ಗಳಿಗೆ ಸುಮ್ಮನೆ ಕೂತೆ. ಪ್ರೊಸೆಸರಿನ ನೆತ್ತಿಯ ಮೇಲೆ ಫ್ಯಾನು, ಫ್ಯಾನಿನ ಕೆಳಗೆ ಶಾಖ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳು ಇರಬೇಕಷ್ಟೇ? ಪಟ್ಟಿಗಳೇ ಕಾಣಲಿಲ್ಲ. ಅಲ್ಲಿ ಮೆತ್ತಗಿನ, ಹಳದಿ ಬೂದು ಬಣ್ಣದ ಹಾಸೊಂದು ಕೂತಿತ್ತು. ಚಿಮಟಿಗೆಯಲ್ಲಿ ತುದಿ ಹಿಡಿದು ಎಳೆದರೆ ಹರಿಯಲಿಲ್ಲ. ಇಡಿಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಖಂಡೇಪೂಜೆಗೆ ನಾವು ಡಬ್ಬಿಯ ತುಂಬ ಎರಚಿದ ಭಂಡಾರ, ಊದಿನಕಡ್ಡಿಯ ಬೂದಿ, ಬೆಲ್ಲದ ಗಾಣದ ಹೊಗೆಯ ಮಸಿ, ಎಲ್ಲಕ್ಕೂ ನಡುವೆ ಕೆಂಪು, ಹಸಿರು, ನೀಲಿ ಎಳೆಗಳು. ಎಳೆಗಳನ್ನು ಗುರುತಿಸಲು ತಡವಾಗಲಿಲ್ಲ. ಅವ್ವನ ಸೀರೆಯವು. ಹೊರಗೆ ಅವ್ವ ಒಂದು ಕೌದಿ ಹೊದಿಸಿದ್ದಳು. ಒಳಗೆ ಫ್ಯಾನು ಅದರ ಎಳೆ ಜಗ್ಗಿ ಜಗ್ಗಿ ತನ್ನದೇ ಒಂದು ಕೌದಿ ಹೊಲಿದುಕೊಂಡಿತ್ತು.

ಗುಟ್ಟು ಏನೆಂದರೆ, ಅವ್ವ ಚಾಲೂ ಇದ್ದಾಗಲೂ ಅದಕ್ಕೆ ಕೌದಿ ಹೊದಿಸುತ್ತಿದ್ದಳು. ನಾನು ಚಹಾಕ್ಕೆಂದು ಎದ್ದರೆ ಸಾಕು, "ಧೂಳ ಬೀಳತೈತಿ ಪಾಪ" ಎಂದು ಹಿಂದಿನ ಜಾಳಿಗೆಯ ತನಕ ಮುಚ್ಚಿಬಿಡುವಳು. ಮೇ ತಿಂಗಳ ಬಿಸಿಲಲ್ಲಿ, ಕೌದಿಯೊಳಗೆ, ಪೆಂಟಿಯಂ 4! ಬಿಸಿ ಮಿತಿಮೀರಿದರೆ ಪ್ರೊಸೆಸರ್ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಉಸಿರು ನಿಲ್ಲಿಸುತ್ತದೆ. ಮಧ್ಯಾಹ್ನದ ಸಾವು ಅದು.

ಡಬ್ಬಿಯನ್ನು ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅವನು ಗಾಳಿಯ ಪೈಪು ಹಿಡಿದು ಗಂಭೀರವಾಗಿ ಕೇಳಿದ: "ಎಷ್ಟ್ ಪಾಯಿಂಟ್ ಹೊಡೀಲ್ರಿ ಸರ?" ಫ್ಯಾನು ಗರಗರ ತಿರುಗಿ ಹಾಳಾಗದಂತೆ ಅದರ ಎಲೆಗೆ ಬೆರಳು ಕೊಟ್ಟು ನಾನು ಹಿಡಿದೆ, ದೂರದಿಂದ ಅವನು ಊದಿದ. ಭಂಡಾರ ಹಾರಿ ಇಬ್ಬರೂ ಜಾತ್ರೆಯಿಂದ ಬಂದವರಂತೆ ಕಂಡೆವು. ಮನೆಗೆ ಬಂದು ಒಣಗಿದ ಪೇಸ್ಟ್ ಒರೆಸಿ, ಪ್ರೊಸೆಸರಿನ ನೆತ್ತಿಗೆ ಹೊಸ ಥರ್ಮಲ್ ಪೇಸ್ಟ್ ಕಡಲೆಕಾಳಿನಷ್ಟು ಹಚ್ಚಿದೆ. ರ‍್ಯಾಮ್ ಪಟ್ಟಿ ಹೊರತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದೆ. ಮೂವತ್ತು ವರ್ಷ, "ರಬ್ಬರ್ ಭಾಳ ತಿಕ್ಕಬ್ಯಾಡ್ರಿ, ಹಾಳಿ ಹರೀತೈತಿ" ಎಂದು ಹುಡುಗರನ್ನು ಗದರಿದವನು ನಾನು. ಬಾಜೂ ಮನೆಯ ಹುಡುಗನ ಬಾಳೆಹಣ್ಣಿನ ವಾಸನೆಯ ರಬ್ಬರು ಅರ್ಧ ಸವೆಯಿತು, ನೀಲಿ ಪರದೆ ಅವತ್ತಿಗೆ ನಿಂತೇಹೋಯಿತು.

ಏಳರ ಸಾವು ಮಾತ್ರ ನಿಲ್ಲಲಿಲ್ಲ.

ಇದರ ಕಾರಣ ಕಂಡುಹಿಡಿದ ಕೀರ್ತಿ ಹೆಂಡತಿಗೆ ಸಲ್ಲಬೇಕು, ಸಲ್ಲಿಸದಿದ್ದರೆ ಬಿಡುವವಳೂ ಅಲ್ಲ. ಏಳಕ್ಕೆ ಅವಳ ಧಾರಾವಾಹಿ. ಒಂದು ಸಂಜೆ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು, ಫ್ಯಾನು ಒಂದು ಸುತ್ತು ತಡೆಯಿತು, ಮೂಲೆಯಲ್ಲಿ ಟಕ್ ಎಂದಿತು, ಕಂಪ್ಯೂಟರ್ ಹೋಯಿತು. ಧಾರಾವಾಹಿಯ ಅತ್ತೆ ಮಾತ್ರ ಅಲುಗದೆ ಬೈಯುತ್ತಲೇ ಇದ್ದಳು. ಹೆಂಡತಿ ತಿರುಗಿ ನೋಡಿದಳು. "ಅಲ್ರೀ, ಟಿ.ವಿ. ಯಾಕ ಸಾಯಂಗಿಲ್ಲ?"

"ಟಿ.ವಿ.ಗೂ ಕಂಪ್ಯೂಟರಿಗೂ ಭಾಳ ಫರಕ್ ಇರತೈತಿ," ಎಂದೆ ಮಾಸ್ತರನಾಗಿ.

"ಇರತೈತಿ. ಟಿ.ವಿ.ಗೆ ಆ ಯುಪಿಎಸ್ ಇಲ್ಲ."

ಯುಪಿಎಸ್ ಬಿಚ್ಚಿದೆ. ಒಳಗಿನ 12 ವೋಲ್ಟಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಅದು ಸತ್ತು ಎಷ್ಟು ವರ್ಷವಾಗಿತ್ತೋ! ಆಗುತ್ತಿದ್ದದ್ದು ಇಷ್ಟು: ಏಳಕ್ಕೆ ತೋಟಗಳಿಗೆ ತ್ರೀಫೇಸ್ ಬರುತ್ತದೆ. ಕಬ್ಬಿಗೆ ನೀರು ಬಿಡುವ ಪಂಪ್‌ಸೆಟ್ಟಿಗೆಲ್ಲ ಆಟೋ ಸ್ಟಾರ್ಟರ್ ಇರುವುದರಿಂದ ಸುತ್ತಲಿನ ಮೋಟಾರುಗಳೆಲ್ಲ ಒಮ್ಮೆಲೇ ಎದ್ದು ಕರೆಂಟು ಜಗ್ಗುತ್ತವೆ. ವೋಲ್ಟೇಜ್ ಗಳಿಗೆಯ ಮಟ್ಟಿಗೆ ಕುಸಿಯುತ್ತದೆ. ಟಿ.ವಿ. ಅದನ್ನು ನುಂಗಿಕೊಳ್ಳುತ್ತದೆ, ಕಂಪ್ಯೂಟರೂ ನುಂಗಿಕೊಳ್ಳುತ್ತಿತ್ತು. ಆದರೆ ಯುಪಿಎಸ್ ಎಂಬ ಅಂಗರಕ್ಷಕ, "ಯಜಮಾನರಿಗೆ ಅಪಾಯ!" ಎಂದು ಕರೆಂಟಿನ ದಾರಿ ಬಿಟ್ಟು ಟಕ್ಕನೆ ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿಯಲ್ಲಿ ಹೆಣ. ಕಾಯುವವನೇ ದಿನಾ ಏಳಕ್ಕೆ ಕತ್ತು ಹಿಚುಕುತ್ತಿದ್ದ. ಮಾರನೆಯ ಸಂಜೆ ಕಂಪ್ಯೂಟರಿನ ವಾಯರನ್ನು ನೇರ ಗೋಡೆಗೆ ಸಿಕ್ಕಿಸಿ ಕೂತೆವು. ಟ್ಯೂಬ್‌ಲೈಟ್ ಮಿಟುಕಿಸಿತು. ಕಂಪ್ಯೂಟರ್ ಗುಂಯ್‌ಗುಡುತ್ತಲೇ ಇತ್ತು. ಗೋಕಾಕದ ಜಲಪಾತದ ಹತ್ತಿರ 1887ರಲ್ಲೇ ನೀರಿನಿಂದ ವಿದ್ಯುತ್ ತೆಗೆದರೆಂದು ಎದೆಯುಬ್ಬಿಸಿ ಪಾಠ ಮಾಡಿದವನಿಗೆ ಕರೆಂಟಿನ ಈ ಸಣ್ಣ ಲೆಕ್ಕ ತಿಳಿಯಲು ಧಾರಾವಾಹಿ ಬೇಕಾಯಿತು. ಅವತ್ತು ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕರೆಯಲಿಲ್ಲ. ಸಾವಾಗದೆ ಹೊತ್ತು ಗೊತ್ತಾಗಿರಲಿಲ್ಲ.

ಈಗ ಒಂದೇ ಕಸರು ಉಳಿದಿದೆ. ಮದರ್‌ಬೋರ್ಡಿನಲ್ಲಿ ರೂಪಾಯಿ ನಾಣ್ಯದಂಥ ಒಂದು ಸೆಲ್ಲಿರುತ್ತದೆ, ಸಿ.ಆರ್. 2032. ಕಂಪ್ಯೂಟರ್ ಆಫ್ ಆಗಿದ್ದಾಗ ಗಡಿಯಾರ ಕಾಯುವುದು ಅದರ ಕೆಲಸ. ಅದು ತೀರಿಹೋಗಿದೆ. ಮುಂಜಾನೆ ಚಾಲೂ ಮಾಡಿದರೆ ಪರದೆ ತಾರೀಕು ತಪ್ಪಿದೆ ಎಂದು ದೂರಿ, ಎಫ್-1 ಒತ್ತು ಎನ್ನುತ್ತದೆ. ಹೊಸ ಸೆಲ್ಲು ತಂದು ಹಾಕಲು ಕೂತಿದ್ದೆ. ಅವ್ವ ಚಹಾದ ಬಶಿ ಹಿಡಿದು ಪಕ್ಕಕ್ಕೆ ಬಂದಳು.

"ಮತ್ತೇನಾಗೇತೋ ಇದಕ?"

"ಏನಿಲ್ಲಬೇ. ಇಸವಿ ತಪ್ಪತೈತಿ. ಚಾಲೂ ಮಾಡಿದಾಗೊಮ್ಮೆ 2002, ಜನೆವರಿ ಒಂದು ಅಂತೈತಿ."

ಅವ್ವ ಬಶಿಯ ಚಹಾ ಊದುವುದನ್ನು ನಿಲ್ಲಿಸಿದಳು. ಬೆರಳ ಮೇಲೆ ಏನೋ ಎಣಿಸಿದಳು.

"ಆವಾಗ ನಿಮ್ಮಪ್ಪ ಇದ್ರಲ್ಲ."

"ಇದ್ರು."

"ಜನೆವರಿ ಅಂದ್ರ ಕಬ್ಬ ಕಡಿಯೂ ದಿನಾ ಅವು. ಹೊಲದಾಗನ ಇರತಿದ್ರು, ಮನಿಗೆ ಬರೂದು ರಾತ್ರಿ." ಬಶಿ ಎತ್ತಿ ಒಂದು ಗುಟುಕು ಕುಡಿದಳು. "ಇರಲಿ ಬಿಡು. ಅದಕೇನ್ ಅವಸರ?"

ಆ ಸೆಲ್ಲು ಕಾಗದ ಸಹಿತ ಟೇಬಲ್ಲಿನ ಖಾನೆಯಲ್ಲಿದೆ. ದಿನಾ ಮುಂಜಾನೆ ತಾರೀಕನ್ನು ನಾನೇ ಕೈಯಿಂದ ತಿದ್ದುತ್ತೇನೆ, ಅವ್ವ ಚಹಾ ಕುಡಿದು ಎದ್ದುಹೋದ ಮೇಲೆ.